ತಿರುಳಿನ ವಾಕ್ಯವನ್ನು ಅರಸುವ ಬಗೆ

ಪರೀಕ್ಷೆಯಲ್ಲಿ ಸೋತು ಬಂದ ಮಕ್ಕಳಿಗೆ 'ಇನ್ನೂ ಹೆಚ್ಚು ಓದಬೇಕಾಗಿತ್ತು' ಎನ್ನುವುದು ಹಿರಿಯರಾದ ನಮ್ಮೆಲ್ಲರ ರೂಢಿ. ಆದರೆ ಹೆಚ್ಚು ಓದಿದವರೂ ಎಡವುವ ಪರೀಕ್ಷೆಯೊಂದುಂಟು. ಅದು ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ಎರಡನೆಯ ಪತ್ರಿಕೆ. 2011ರಲ್ಲಿ ಆರಂಭವಾದ ಈ ಪತ್ರಿಕೆಯನ್ನು 'ಸಿ-ಸ್ಯಾಟ್' ಎಂದು ಕರೆಯುತ್ತಾರೆ. ಎರಡು ಗಂಟೆಗಳಲ್ಲಿ 80 ಪ್ರಶ್ನೆಗಳು, 200 ಅಂಕಗಳು. 2015ರಿಂದ ಇದರಲ್ಲಿ ಶೇಕಡಾ 33 ಅಂಕ ಪಡೆದರೆ ಸಾಕು; ಪಡೆಯದಿದ್ದರೆ ಮೊದಲನೆಯ ಪತ್ರಿಕೆಯ ಅಂಕಗಳೆಷ್ಟಿದ್ದರೂ ವ್ಯರ್ಥ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರರಲ್ಲೊಂದು ಪಾಲು ಕಡಿತವಾಗುತ್ತದೆ.

ಇಲ್ಲಿ ಗದ್ಯಭಾಗವೊಂದನ್ನು ಕೊಟ್ಟು ಅದರ ತಿರುಳನ್ನು ಕೇಳುತ್ತಾರೆ. ನಾವೇ ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ: 'ಕೆರೆಯು ಹೊಲಕ್ಕೆ ನೀರುಣಿಸುತ್ತದೆ. ಬಾವಿಯ ಒರತೆಯನ್ನೂ ಕಾಯುತ್ತದೆ. ಆದರೆ ಹೂಳೆತ್ತುವ ಹೊಣೆ ಯಾರದೆಂದು ನಿಶ್ಚಯವಾಗದಿದ್ದರೆ ಎಂಥ ಕೆರೆಯೂ ಉಳಿಯದು. ಒಂದು ಊರಿನಲ್ಲಿ ಆ ಹೊಣೆಯನ್ನು ಹಂಚಿಕೊಂಡರು, ಕೆರೆ ಉಳಿಯಿತು. ನೆರೆಯೂರಿನಲ್ಲಿ ಹಂಚಿಕೊಳ್ಳಲಿಲ್ಲ, ಬತ್ತಿತು.'

ಇದರಲ್ಲಿ ಮುಖ್ಯವಾದುದು ಮೂರನೆಯ ವಾಕ್ಯ. ಮೊದಲಿನ ಎರಡು ಪೀಠಿಕೆ, ಕೊನೆಯ ಎರಡು ನಿದರ್ಶನ. 'ಆದರೆ' ಎಂಬ ಮಾತು ಬಂದೆಡೆ ಲೇಖಕನು ತನ್ನ ದಾರಿಗೆ ತಿರುಗುತ್ತಾನೆ. 'ಆದ್ದರಿಂದ' ಎಂಬೆಡೆ ನಿರ್ಣಯಕ್ಕೆ ಬರುತ್ತಾನೆ. 'ಉದಾಹರಣೆಗೆ' ಎಂದರೆ ತಿರುಳು ಬಹುಮಟ್ಟಿಗೆ ಅದರ ಹಿಂದೆಯೇ ಇರುತ್ತದೆ. ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಆದುದರಿಂದ 'ಬಟ್', 'ಹವೆವರ್', 'ದೇರ್‌ಫೋರ್' ಎಂಬ ಪದಗಳ ಕೆಳಗೆ ಗೆರೆಯೆಳೆಯುವ ಅಭ್ಯಾಸ ಮಕ್ಕಳಿಗಿರಲಿ. ಇಂಥ ಪದವೇ ಇಲ್ಲದಿದ್ದಲ್ಲಿ, ಯಾವ ವಾಕ್ಯವನ್ನು ತೆಗೆದರೆ ಉಳಿದವು ಆಸರೆ ತಪ್ಪುತ್ತವೆ ಎಂದು ನೋಡಬೇಕು.

ಬಲ್ಲವರು ಎಡವುವುದು ಬೇರೆಡೆಯಲ್ಲಿ. 'ಕೆರೆಗಳ ಒತ್ತುವರಿಯನ್ನು ತಡೆಯಬೇಕು' ಎಂಬ ಉತ್ತರವೂ ಅಲ್ಲಿದ್ದರೆ ಅದನ್ನೇ ಆರಿಸಿಬಿಡುತ್ತಾರೆ. ಮಾತು ನಿಜ, ಆದರೆ ಗದ್ಯಭಾಗದಲ್ಲಿಲ್ಲ. ಉತ್ತರವು ಗದ್ಯಭಾಗವನ್ನು ಮಾತ್ರ ಆಧರಿಸಿರಬೇಕೆಂಬ ಸೂಚನೆ ಪತ್ರಿಕೆಯಲ್ಲಿಯೇ ಇರುತ್ತದೆ. ತಾನು ಬಲ್ಲುದನ್ನು ಬದಿಗಿಟ್ಟು ಎದುರಿನವರು ಹೇಳಿದ್ದನ್ನಷ್ಟೇ ಕೇಳುವುದು ಸುಲಭವಲ್ಲ.

ಮನೆಯಲ್ಲಿ ದಿನಕ್ಕೊಂದು ಸಂಪಾದಕೀಯವನ್ನು ಮಕ್ಕಳಿಂದ ಓದಿಸಿ, 'ಇದರಲ್ಲಿ ಉಳಿಸಬೇಕಾದ ಒಂದೇ ವಾಕ್ಯ ಯಾವುದು?' ಎಂದು ಕೇಳೋಣ. ಕಾರಣವನ್ನೂ ಹೇಳಿಸೋಣ. ಕನ್ನಡದಲ್ಲಿ ಕೈಗೂಡಿದ್ದು ಇಂಗ್ಲಿಷಿನಲ್ಲಿಯೂ ನೆರವಾಗುತ್ತದೆ. ನಾಳೆ ಅಧಿಕಾರದಲ್ಲಿ ಕುಳಿತಾಗ ಬಡವನೊಬ್ಬನ ಅರ್ಜಿ ಕೈಗೆ ಬರುತ್ತದೆ. ಅವನ ನಿಜವಾದ ಕೋರಿಕೆ ನಾಲ್ಕು ಪುಟಗಳ ನಡುವೆ ಎಲ್ಲೋ ಒಂದು ಸಾಲಿನಲ್ಲಿರುತ್ತದೆ. ಆ ಸಾಲನ್ನು ಕಾಣಬಲ್ಲ ಕಣ್ಣು ಇಂದೇ ಪಳಗಬೇಕು.