ಎಂಜಿನ್ ಬದಲಿಸುವ ಮುನ್ನ

"ಕಾರಿನ ವಿಷಯ ಹೆಂಗಸರಿಗೆ ಯಾಕೆ?" ಎಂಬ ಮಾತು ದುಡ್ಡು ಕೇಳುವಾಗ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ನಮ್ಮಲ್ಲೊಂದು ಹಳೆಯ ಕಾಂಟೆಸ್ಸಾ ಇದೆ. ಅದು ಹೊಗೆಯುಗುಳತೊಡಗಿದ ಮೇಲೆ ಅಣ್ಣನ ಮಗನಿಗೆ ಒಂದೇ ಹಟ. ಗುಜರಿಗೆ ಬಂದ ಯಾವುದೋ ಜೀಪಿನ ದೊಡ್ಡ ಡೀಸೆಲ್ ಎಂಜಿನ್ ತಂದು ಕೂರಿಸಬೇಕಂತೆ. ಹಣ ಅತ್ತೆಯ ಜಿಪಿಎಫ್‌ನಿಂದ! ಕುಮಟೆಯ ಗ್ಯಾರೇಜಿಗೆ ನಾನೂ ಬರುತ್ತೇನೆಂದರೆ, "ಅದೆಲ್ಲ ನಿಂಗೆ ಗೊತ್ತಾಗ್ತಿಲ್ಲೆ ಅತ್ತೆ" ಎಂದ.

ನಾನು ಬಿ.ಎ. ಓದಿದವಳು, ನಿಜ. ಆದರೆ ಇತಿಹಾಸ ಪಾಠ ಮಾಡುವವಳಿಗೆ ಕಾರಿನ ಇತಿಹಾಸ ಓದಲು ಬರುವುದಿಲ್ಲವೇ? ಕಾಂಟೆಸ್ಸಾ ಹುಟ್ಟಿದ್ದೇ ಕಡ ತಂದ ಎಂಜಿನ್ ಹೊತ್ತುಕೊಂಡು. 1984ರಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನ ಮೈಕಟ್ಟಿಗೆ ಅಂಬಾಸಡರಿನ 1489 ಸಿಸಿ ಎಂಜಿನ್ ಇಟ್ಟರು. ಸುಮಾರು 50 ಅಶ್ವಶಕ್ತಿ. ಆ ಭಾರಕ್ಕೆ ಎಲ್ಲಿ ಸಾಕು? ಆಮೇಲೆ ಜಪಾನಿನ ಇಸುಜುವಿನ 1817 ಸಿಸಿ ಎಂಜಿನ್ ಐದು ಗೇರಿನೊಂದಿಗೆ ಬಂದಾಗಲೇ ಕಾರು ಕಾರಾಯಿತು. ಮದರಾಸಿನ ಸ್ಟ್ಯಾಂಡರ್ಡ್ 2000 ಇನ್ನೊಂದು ಕತೆ. ರೋವರ್ ಕಾರಿನ ಚಂದದ ಮೈ, ಒಳಗೆ ಓಬೀರಾಯನ ಕಾಲದ ಎಂಜಿನ್. 1985ರಲ್ಲಿ ಬಂದದ್ದು 1988ಕ್ಕೇ ನಿಂತುಹೋಯಿತು.

ಹಾಗಾಗಿ ಎಂಜಿನ್ ಬದಲಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. 2002ರಲ್ಲೇ ತಯಾರಿಕೆ ನಿಂತ ಕಾರಿಗೆ ಬಿಡಿಭಾಗ ಹುಡುಕುವ ಕಷ್ಟವೂ ಸುಳ್ಳಲ್ಲ. ಆದರೆ ಕಾರ್ಖಾನೆಯವರು ಗೇರು ಸಮೇತ ಬದಲಿಸಿದರು. ನಮ್ಮ ಹುಡುಗನ ಲೆಕ್ಕದಲ್ಲಿ ಬರೀ ಎಂಜಿನ್ ಇದೆ. ಭಾರದ ಎಂಜಿನ್ ಇಟ್ಟರೆ ಮುಂದಿನ ಸ್ಪ್ರಿಂಗು ತಡೆದೀತೆ? ರೇಡಿಯೇಟರು ಸಾಕಾದೀತೆ? ದೇವಿಮನೆ ಘಟ್ಟ ಇಳಿಯುವಾಗ ಹಳೇ ಬ್ರೇಕು ಹಿಡಿದೀತೆ? ಬಾವಿಯ ಒಂದು ಎಚ್‌ಪಿ ಪಂಪು ತೆಗೆದು ಮೂರರದ್ದು ಕೂರಿಸಲು ಹೊರಟರೆ, ಪೈಪು ಒಡೆಯುವುದಿಲ್ಲವೇ ಎಂದು ಮೊದಲು ಕೇಳುವವರು ನಾವೇ ತಾನೇ? ಭಟ್ಕಳದ ಮದುವೆಗೆ ಹೋಗುವಾಗ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಿನ ಸೀಟಿನಲ್ಲಿರುವವರೂ ನಾವೇ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಆರ್‌ಸಿ ಪುಸ್ತಕದಲ್ಲಿ ಒಂದು ಎಂಜಿನ್, ಕಾರಿನಲ್ಲಿ ಇನ್ನೊಂದು ಇದ್ದರೆ, ಅಪಘಾತವಾದ ದಿನ ವಿಮೆಯವರು ಸುಮ್ಮನೆ ಹಣ ಎಣಿಸಿ ಕೊಡುತ್ತಾರೆಯೇ? "ಎಲ್ಲರೂ ಮಾಡ್ತ" ಎನ್ನುವುದು ಇವನ ಉತ್ತರ. ಎಲ್ಲರೂ ಕಾಪಿ ಹೊಡೆಯುತ್ತಾರೆಂದು ನನ್ನ ತರಗತಿಯಲ್ಲೂ ಹುಡುಗರು ಹೇಳುವುದುಂಟು.

ನನ್ನ ಮಾತಿಷ್ಟು. ಮೊದಲು ಇರುವ ಇಸುಜುವನ್ನೇ ಬಿಚ್ಚಿಸಿ, ಬೋರು, ಪಿಸ್ಟನ್, ರಿಂಗುಗಳ ಖರ್ಚು ಬರೆಸಿ ತರಲಿ. ಅದು ದುರಸ್ತಿಗೆ ಬಾರದಿದ್ದರೆ ಹೊಸದರ ಲೆಕ್ಕ ಬರಲಿ, ಬ್ರೇಕು, ಸ್ಪ್ರಿಂಗು ಸೇರಿಸಿ. ಜೊತೆಗೆ ಹೊನ್ನಾವರದ ಆರ್‌ಟಿಓ ಕಚೇರಿಯ ಲಿಖಿತ ಒಪ್ಪಿಗೆ. ಅಲ್ಲಿಯವರೆಗೆ ಜಿಪಿಎಫ್ ಅರ್ಜಿಗೆ ನನ್ನ ಸಹಿ ಬೀಳುವುದಿಲ್ಲ. ಕಾಂಟೆಸ್ಸಾ ಕೊಟ್ಟಿಗೆಯ ಪಕ್ಕದಲ್ಲೇ ನಿಂತಿರಲಿ.