ನೈಟ್ ಶಿಫ್ಟ್ ಮುಗಿಸಿ ಬರೆದದ್ದು – 14: ‘ಕೆಲಸ ಇಲ್ಲದವನು ಎಲ್ಲಿಂದ ಕೊಡ್ತಾನೆ?’

ಹೋದ ವಾರ ನನ್ನ ಡಿವೋರ್ಸ್ ವಿಷಯ ಬರೆದ ಮೇಲೆ ಅರಸೀಕೆರೆಯಿಂದ ದೊಡ್ಡಪ್ಪ ಫೋನ್ ಮಾಡಿದ್ದರು. “ಅವನಿಗೆ ಕೆಲಸ ಇಲ್ಲವಂತಲ್ಲಮ್ಮ, ಎಲ್ಲಿಂದ ತಂದು ಕೊಡ್ತಾನೆ? ನಿನಗೆ ಸಂಬಳ ಇದೆ, ಬಿಟ್ಟುಬಿಡು.” ಕಾಮೆಂಟಲ್ಲೂ ನಾಲ್ಕೈದು ಜನ ಇದನ್ನೇ ಹೇಳಿದ್ದೀರಿ. ಎಲ್ಲರಿಗೂ ಸೇರಿಸಿ ಇಲ್ಲೇ ಉತ್ತರ.

ದೊಡ್ಡಪ್ಪ, ಅವರ ಕೆಲಸ ಹೋಗಲಿಲ್ಲ. ನಾನು ಅರ್ಜಿ ಹಾಕಿದ ಮರುತಿಂಗಳು ಅವರೇ ಬಿಟ್ಟರು. ನನಗೆ ಅವರ ಒಂದು ಡಾಲರ್ ಬೇಡ. ಕೇಳ್ತಿರೋದು ಮಗಳ ಪಾಲು. ಅದನ್ನು ಬಿಟ್ಟುಕೊಡೋಕೆ ನಾನು ಯಾರು?

ಇಲ್ಲಿ ಟೆಕ್ಸಾಸಿನ ಲೆಕ್ಕ ಕೇಳಿ. ಒಂದು ಮಗು ಇದ್ದರೆ, ತೆರಿಗೆ ಇತ್ಯಾದಿ ಕಳೆದು ಉಳಿದ ಆದಾಯದಲ್ಲಿ ಸಾಮಾನ್ಯವಾಗಿ ನೂರಕ್ಕೆ 20. ಆದಾಯಕ್ಕೆ ಸಾಕ್ಷಿಯೇ ಇಲ್ಲ ಅಂದರೆ ಸೊನ್ನೆ ಅಂತ ಬರೆಯೋದಿಲ್ಲ. ವಾರಕ್ಕೆ 40 ಗಂಟೆ ಕನಿಷ್ಠ ಕೂಲಿಗೆ ದುಡೀತಾರೆ ಅಂತ ಹಿಡೀತಾರೆ. ಗಂಟೆಗೆ 7.25 ಡಾಲರ್, ವಾರಕ್ಕೆ 290. ಅದರಲ್ಲಿ ಮಗುವಿಗೆ ತಿಂಗಳಿಗೆ ಇನ್ನೂರು ಚಿಲ್ಲರೆ ಬರುತ್ತೆ. ನನ್ನ ರಾತ್ರಿ ಡ್ಯೂಟಿ ದಿನ ಮಗಳನ್ನು ನೋಡಿಕೊಳ್ಳೋ ಆಂಟಿಗೆ ಒಂದು ವಾರಕ್ಕೂ ಅದು ಸಾಲದು.

ಆದರೆ ಓದಿದವರು, ದುಡಿಯಬಲ್ಲವರು ಬೇಕಂತಲೇ ಕೂತಿದ್ದರೆ, ಅವರು ಎಷ್ಟು ದುಡಿಯಬಹುದಿತ್ತೋ ಅದರ ಮೇಲೆ ಕೋರ್ಟ್ ಲೆಕ್ಕ ಹಾಕಬಹುದು. ಮಗುವಿಗೆ ಕೊಡೋದು ತಪ್ಪಿಸೋಕೇ ಕೆಲಸ ಬಿಟ್ಟರು ಅಂತ ಸಾಬೀತು ಮಾಡಬೇಕಾಗಿಯೂ ಇಲ್ಲ. 2011ರಲ್ಲೇ ಟೆಕ್ಸಾಸ್ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ.

“ಅದು ಅಮೆರಿಕ ಕಾನೂನು” ಅನ್ನಬೇಡಿ. ನಮ್ಮ ಸುಪ್ರೀಂ ಕೋರ್ಟೂ 2020ರ ನವೆಂಬರಿನಲ್ಲಿ ರಜನೀಶ್–ನೇಹಾ ಕೇಸಲ್ಲಿ ಹೇಳಿದೆ: ಗಟ್ಟಿಮುಟ್ಟಾಗಿರೋ, ಓದಿರೋ ಗಂಡ ‘ಆದಾಯವಿಲ್ಲ’ ಅಂದುಬಿಟ್ಟರೆ ಹೊಣೆ ತಪ್ಪೋದಿಲ್ಲ. ಇಬ್ಬರೂ ಆಸ್ತಿ, ಸಾಲ, ಆದಾಯ ಎಲ್ಲದರ ಅಫಿಡವಿಟ್ ಕೊಡಬೇಕು. ಊರಲ್ಲಿ ಕೇಸ್ ನಡೆಸ್ತಿರೋ ಹೆಣ್ಣುಮಕ್ಕಳು ಇದನ್ನು ವಕೀಲರ ಹತ್ತಿರ ಕೇಳಿ.

ನಿಜವಾಗಿ ಕೆಲಸ ಕಳೆದುಕೊಂಡವರ ಕತೆ ಬೇರೆ. ಲೇಆಫ್ ಆದವರನ್ನು, ಕಾಯಿಲೆ ಬಿದ್ದವರನ್ನು ನಾನೂ ದಿನಾ ನೋಡ್ತೀನಿ. ಅವರಿಗೂ ದಾರಿ ಇದೆ: ತಕ್ಷಣ ಕೋರ್ಟಿಗೆ ಹೋಗಿ ಮೊತ್ತ ಕಡಿಮೆ ಮಾಡಿ ಅಂತ ಕೇಳಬೇಕು. ಸುಮ್ಮನೆ ಕೂತರೆ ಹಳೇ ಬಾಕಿ ಬೆಳೀತಾ ಹೋಗುತ್ತೆ. ಆದರೆ ಕೆಲಸ ಇಲ್ಲದಿದ್ದರೆ ಮಗುವಿಗೆ ಹಸಿವೂ ಇಲ್ಲ ಅನ್ನೋ ಲೆಕ್ಕ ಯಾವ ಊರಿನದು?

ದೊಡ್ಡಪ್ಪ, ಅಪ್ಪ ಹೋದ ಮೇಲೆ ಕೊಬ್ಬರಿ ರೇಟ್ ಬಿದ್ದ ವರ್ಷವೂ ನನ್ನ ನರ್ಸಿಂಗ್ ಫೀಸ್ ಕಟ್ಟಿದ್ದು ನೀವು. ಈ ವರ್ಷ ಆದಾಯ ಇಲ್ಲ, ಓದು ಬಿಟ್ಟುಬಿಡು ಅನ್ನಲಿಲ್ಲ. ನಾನು ನಿಮ್ಮ ಮಗಳೂ ಅಲ್ಲ. ಮುಂದಿನ ಸಲ ಅವರು ಫೋನ್ ಮಾಡಿದಾಗ ಕೆಲಸದ ವಿಷಯ ಆಮೇಲೆ ಕೇಳಿ. ಮೊದಲು, “ಈ ತಿಂಗಳು ಮಗಳಿಗೆ ಏನು ಕಳಿಸಿದೆಯಪ್ಪ?” ಅಂತ ಕೇಳಿ.