ಬಾಡಿಗೆ ಕೋಣೆಯಲ್ಲಿ ತಗಣಿ ಕಚ್ಚಿದರೆ ಪರಿಹಾರ ಸಿಗುತ್ತದೆಯೇ? ಕಾನೂನು ಹೇಳುವುದೇನು?

‘ತಗಣಿ ಕಚ್ಚಿದ್ದಕ್ಕೆ 1.29 ಲಕ್ಷ ರೂಪಾಯಿ ಪರಿಹಾರ’ ಎಂಬ ಸುದ್ದಿಯನ್ನು ನೀವೂ ಓದಿರಬಹುದು. ಸುದ್ದಿ ನಿಜ. 2022ರ ಆಗಸ್ಟ್‌ನಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಹೊರಟಿದ್ದ ಮಹಿಳೆಯೊಬ್ಬರಿಗೆ ರಾತ್ರಿ ತಗಣಿ ಕಚ್ಚಿದವು. ಬಸ್ಸಿನವರಿಗೆ ಹೇಳಿದರೂ ಪ್ರಯೋಜನವಾಗಲಿಲ್ಲ. ಅವರು ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. ಆಯೋಗವು 1 ಲಕ್ಷ ರೂ. ಪರಿಹಾರ, ಟಿಕೆಟ್ಟಿನ 850 ರೂ., ಮೊಕದ್ದಮೆಯ ಖರ್ಚು 10,000 ರೂ. ಮತ್ತು ಇನ್ನೊಂದು ಬಾಬ್ತಿಗೆ 18,650 ರೂ. ಕೊಡಬೇಕೆಂದು ಆದೇಶಿಸಿತು.

ಇಂಥ ಸುದ್ದಿ ಫಾರ್ವರ್ಡ್ ಆಗುತ್ತಾ ಹೋದಂತೆ ‘ತಗಣಿ ಕಚ್ಚಿದರೆ ಸಾಕು, ಲಕ್ಷ ರೂಪಾಯಿ ಗ್ಯಾರಂಟಿ’ ಎಂಬಂತಾಗುತ್ತದೆ. ಅದು ನಿಜವಲ್ಲ. ಹಾಗೆಂದು ‘ತಗಣಿಗೆಲ್ಲ ಯಾರು ಕೋರ್ಟಿಗೆ ಹೋಗುತ್ತಾರೆ, ಸುಮ್ಮನಿರು’ ಎನ್ನುವುದೂ ಸರಿಯಲ್ಲ. ಎರಡರ ನಡುವೆ ಕಾನೂನು ಎಲ್ಲಿ ನಿಲ್ಲುತ್ತದೆ ಎಂದು ಈ ಲೇಖನದಲ್ಲಿ ನೋಡೋಣ.

ಕಲಬುರಗಿ ಜಿಲ್ಲೆಯವರಿಗೆ ಇದು ದೂರದ ವಿಷಯವಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ದೇಶದ ನಾನಾ ಕಡೆಯ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತ ಕ್ಷೇತ್ರಕ್ಕೆ ಮಹಾರಾಷ್ಟ್ರದಿಂದಲೂ ಭಕ್ತರು ಬಂದು ತಂಗುತ್ತಾರೆ. ಜೇವರ್ಗಿ, ಆಳಂದದ ಹುಡುಗರು ದುಡಿಮೆಗೆಂದು ಬೆಂಗಳೂರು, ಪುಣೆಯ ಪಿ.ಜಿ.ಗಳಲ್ಲಿ ಇರುತ್ತಾರೆ. ಚೀಲ ಹೊತ್ತು ಊರೂರು ಸುತ್ತುವವರ ಜೊತೆ ತಗಣಿಯೂ ಸುತ್ತುತ್ತದೆ.

ತಗಣಿ ಬಗ್ಗೆ ಮೊದಲು ತಿಳಿಯಬೇಕಾದ ಮೂರು ಸಂಗತಿ

ಪುಸ್ತಕದಲ್ಲಿ ತಿಗಣೆ, ನಮ್ಮ ಭಾಗದ ಮಾತಿನಲ್ಲಿ ತಗಣಿ. ಕಾನೂನಿನ ಪ್ರಶ್ನೆಗೆ ಇದರ ಸ್ವಭಾವ ಗೊತ್ತಿರುವುದು ಮುಖ್ಯ.

ಒಂದು, ತಗಣಿ ಕೊಳಕಿನಿಂದ ಹುಟ್ಟುವುದಿಲ್ಲ. ಅದಕ್ಕೆ ಬೇಕಾಗಿರುವುದು ರಕ್ತ ಮತ್ತು ಅಡಗಲು ಒಂದು ಸಂದಿ. ಸೂಟ್‌ಕೇಸ್, ಹಳೆಯ ಗಾದಿ, ಹೊರಸು, ಕೌದಿಯ ಮಡಿಕೆಯಲ್ಲಿ ಕುಳಿತು ಸ್ವಚ್ಛವಾದ ಕೋಣೆಗೂ ಬರುತ್ತದೆ. ಆದ್ದರಿಂದ ಕೋಣೆಯಲ್ಲಿ ತಗಣಿ ಕಂಡ ಮಾತ್ರಕ್ಕೆ ಮಾಲೀಕನ ತಪ್ಪು ಎಂದಾಗಲಿ, ಬಾಡಿಗೆದಾರನ ತಪ್ಪು ಎಂದಾಗಲಿ ಹೇಳಲಾಗದು.

ಎರಡು, ಕಚ್ಚಿದ ಗುರುತು ಮಾತ್ರ ಸಾಕ್ಷಿಯಾಗದು. ಕೆಲವರಿಗೆ ಕೆಂಪು ಗಂಧೆ ಏಳುತ್ತವೆ, ಕೆಲವರಿಗೆ ಏನೂ ಆಗುವುದಿಲ್ಲ. ಕೆಲವರಲ್ಲಿ ಗುರುತು ಕಾಣಿಸಲು ಎರಡು ವಾರದವರೆಗೂ ಆಗಬಹುದು. ಸೊಳ್ಳೆ ಕಡಿತ, ತುರಿಕಜ್ಜಿ, ಅಲರ್ಜಿ ಕೂಡ ಹಾಗೆಯೇ ಕಾಣುತ್ತವೆ.

ಮೂರು, ತಗಣಿಯಿಂದ ಮನುಷ್ಯರಿಗೆ ರೋಗ ಹರಡುತ್ತದೆ ಎಂಬುದು ಸಾಬೀತಾಗಿಲ್ಲ. ‘ತಗಣಿಯಿಂದ ಏಡ್ಸ್ ಬರುತ್ತದೆ’ ಎಂಬುದು ಸುಳ್ಳು. ಆದರೆ ತುರಿಕೆ, ಕೆರೆದು ಆಗುವ ಸೋಂಕು, ನಿದ್ದೆಗೆಡುವುದು, ಮನಸ್ಸಿನ ಕಿರಿಕಿರಿ ನಿಜವಾದ ತೊಂದರೆಗಳೇ. ಪರಿಹಾರ ಕೇಳುವಾಗ ಇವನ್ನೇ ಹೇಳಬೇಕು, ಇಲ್ಲದ ರೋಗವನ್ನಲ್ಲ.

ತಪ್ಪು ಯಾವಾಗ ಆಗುತ್ತದೆ?

ತಗಣಿ ಇರುವುದು ತಾನಾಗಿಯೇ ತಪ್ಪಲ್ಲ. ಗೊತ್ತಿದ್ದೂ ಮುಚ್ಚಿಡುವುದು, ಹೇಳಿದ ಮೇಲೂ ಸುಮ್ಮನಿರುವುದು ತಪ್ಪು. ಇಡೀ ವಿಷಯದ ತಿರುಳು ಇಷ್ಟೇ.

ಇದಕ್ಕೆ ಅಮೆರಿಕದ ಒಂದು ಪ್ರಕರಣ ಒಳ್ಳೆಯ ಉದಾಹರಣೆ. 2000ದ ನವೆಂಬರಿನಲ್ಲಿ ಷಿಕಾಗೊ ನಗರದ ಒಂದು ಮೋಟೆಲ್‌ನಲ್ಲಿ ಅಣ್ಣ ತಂಗಿ ತಂಗಿದ್ದರು. ಅವರಿಗೆ ತಗಣಿ ಕಚ್ಚಿದವು. ವಿಚಾರಣೆಯಲ್ಲಿ ತಿಳಿದದ್ದು ಏನೆಂದರೆ, 1998ರಲ್ಲೇ ಕೀಟ ನಿಯಂತ್ರಣದ ಸಂಸ್ಥೆಯೊಂದು ಕೇವಲ 500 ಡಾಲರಿಗೆ ಎಲ್ಲ ಕೋಣೆಗಳಿಗೂ ಔಷಧಿ ಹೊಡೆಯುವುದಾಗಿ ಹೇಳಿತ್ತು, ಮೋಟೆಲ್ ಬೇಡವೆಂದಿತ್ತು. ಔಷಧಿ ಹೊಡೆಯುವವರೆಗೆ ಬಾಡಿಗೆಗೆ ಕೊಡಬಾರದೆಂದು ಗುರುತು ಮಾಡಿದ್ದ ಕೋಣೆಗಳನ್ನೂ ಕೊಡುತ್ತಿದ್ದರು. ಅತಿಥಿಗಳು ಕೇಳಿದರೆ ‘ಇವು ತಗಣಿಯಲ್ಲ, ಉಣ್ಣೆ’ ಎನ್ನಬೇಕೆಂದು ಸಿಬ್ಬಂದಿಗೆ ಹೇಳಿಕೊಡಲಾಗಿತ್ತು. ತೊಂದರೆಗೆಂದು ಒಬ್ಬೊಬ್ಬರಿಗೆ 5,000 ಡಾಲರ್ ಸಿಕ್ಕಿತು. ಗೊತ್ತಿದ್ದೂ ಮಾಡಿದ್ದಕ್ಕೆ ದಂಡದ ರೂಪದಲ್ಲಿ ತಲಾ 1,86,000 ಡಾಲರ್ ಸಿಕ್ಕಿತು. 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಡಿತದ ಬೆಲೆಗಿಂತ ಸುಳ್ಳಿನ ಬೆಲೆ ಎಷ್ಟು ಹೆಚ್ಚಾಯಿತು ನೋಡಿ.

ಅಮೆರಿಕದ ತೀರ್ಪು ನಮ್ಮಲ್ಲಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಮೊತ್ತವೂ ಅಷ್ಟು ಸಿಗುವುದಿಲ್ಲ. ಆದರೆ ‘ಮಾಲೀಕನಿಗೆ ಗೊತ್ತಿತ್ತೇ? ಗೊತ್ತಾದ ಮೇಲೆ ಏನು ಮಾಡಿದ?’ ಎಂಬ ಪ್ರಶ್ನೆ ಇಲ್ಲಿಯೂ ಬರುತ್ತದೆ.

ನೀವು ಇರುವ ಜಾಗ ಯಾವುದು?

ದಾರಿ ಇದರ ಮೇಲೆ ನಿಂತಿದೆ.

*ಲಾಡ್ಜ್, ಹೋಟೆಲ್, ಪಿ.ಜಿ.:* ಗ್ರಾಹಕರ ಸಂರಕ್ಷಣಾ ಕಾಯ್ದೆ 2019, ಹಣ ಪಡೆದು ಊಟ, ವಸತಿ ಕೊಡುವುದನ್ನು ‘ಸೇವೆ’ ಎಂದು ಸ್ಪಷ್ಟವಾಗಿ ಹೆಸರಿಸಿದೆ. ತಗಣಿ ತುಂಬಿದ ಗಾದಿ ಕೊಟ್ಟು, ಹೇಳಿದರೂ ಸರಿಪಡಿಸದಿದ್ದರೆ ಅದನ್ನು ಸೇವೆಯ ನ್ಯೂನತೆ ಎಂದು ವಾದಿಸಬಹುದು. ಜಿಲ್ಲಾ ಗ್ರಾಹಕರ ಆಯೋಗ ಹಣ ಮರಳಿಸಲು, ಪರಿಹಾರ ಹಾಗೂ ಮೊಕದ್ದಮೆಯ ಖರ್ಚು ಕೊಡಲು ಆದೇಶಿಸಬಲ್ಲದು.

*ಮಠ, ಛತ್ರ, ಧರ್ಮಶಾಲೆ:* ಪೂರ್ತಿ ಉಚಿತವಾಗಿ ಕೊಟ್ಟ ಸೇವೆ ಈ ಕಾಯ್ದೆಯೊಳಗೆ ಬರುವುದಿಲ್ಲ. ಕೋಣೆಗೆ ಹಣ ಕಟ್ಟಿದ್ದರೆ ಕಟ್ಟಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ.

*ಬಾಡಿಗೆ ಮನೆ:* ಬರೀ ಮನೆಯನ್ನು ಬಾಡಿಗೆಗೆ ಪಡೆದಿದ್ದರೆ ಅದು ಮಾಲೀಕ ಮತ್ತು ಬಾಡಿಗೆದಾರರ ನಡುವಿನ ಕರಾರು. ಗ್ರಾಹಕರ ಆಯೋಗದಲ್ಲಿ ಇದು ನಿಲ್ಲುವುದು ಕಷ್ಟ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಮನೆಯ ಬಳಕೆಗೆ ಸಂಬಂಧಿಸಿದ ದೊಡ್ಡ ದೋಷ ಮಾಲೀಕನಿಗೆ ಗೊತ್ತಿದ್ದು, ಬಾಡಿಗೆಗೆ ಬರುವವರಿಗೆ ಸಾಮಾನ್ಯ ಎಚ್ಚರಿಕೆಯಿಂದ ತಿಳಿಯದಂತಿದ್ದರೆ ಅದನ್ನು ಮಾಲೀಕ ಹೇಳಬೇಕು. ಕರಾರಿನಲ್ಲಿ ಬೇರೆ ಮಾತು ಬರೆದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿನ ದಾರಿ ವಕೀಲರ ನೋಟಿಸ್, ಆಮೇಲೆ ಸಿವಿಲ್ ನ್ಯಾಯಾಲಯ.

*ವಿಶ್ವವಿದ್ಯಾಲಯದ ಹಾಸ್ಟೆಲ್:* ವಿಶ್ವವಿದ್ಯಾಲಯಗಳು ಕೊಡುವ ಶಿಕ್ಷಣ ಗ್ರಾಹಕ ಕಾಯ್ದೆಯ ‘ಸೇವೆ’ ಅಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿರುವ ತೀರ್ಪುಗಳಿವೆ. ಹಾಸ್ಟೆಲ್ ವಿಷಯದಲ್ಲಿಯೂ ಎದುರಾಳಿ ಅದನ್ನೇ ಮುಂದಿಡುತ್ತಾರೆ. ಹೀಗಾಗಿ ಮೊದಲು ಹಿಡಿಯಬೇಕಾದ ದಾರಿ ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳು. ಪ್ರತಿ ಸಂಸ್ಥೆಯಲ್ಲೂ ಕುಂದುಕೊರತೆ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ ಓಂಬುಡ್ಸ್‌ಪರ್ಸನ್ ಬಳಿ ಮೇಲ್ಮನವಿ ಸಲ್ಲಿಸಬಹುದು. ಕೇಂದ್ರ ಸರ್ಕಾರದ ಸಂಸ್ಥೆಯಾದರೆ ಸಿಪಿಗ್ರಾಮ್ಸ್ ಪೋರ್ಟಲ್ ಕೂಡ ಇದೆ. ರಾಜ್ಯ ಸರ್ಕಾರದ ಹಾಸ್ಟೆಲ್ ಆಗಿದ್ದರೆ ವಾರ್ಡನ್‌ಗೆ ಲಿಖಿತವಾಗಿ ಕೊಟ್ಟು, ಆಮೇಲೆ ಇಲಾಖೆಯ ತಾಲ್ಲೂಕು ಅಧಿಕಾರಿಗೆ ಅಥವಾ 1902 ಸಹಾಯವಾಣಿಗೆ ದೂರಬಹುದು.

ಗ್ರಾಹಕರ ಆಯೋಗಕ್ಕೆ ಹೋಗುವುದು ಹೇಗೆ?

ಮೊದಲು 1915ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ದೂರುಗಳು ಇಲ್ಲಿಯೇ ಮಾತುಕತೆಯಲ್ಲಿ ಮುಗಿಯಬಹುದು. ಇಲ್ಲಿ ಆಗದಿದ್ದರೆ ಜಿಲ್ಲಾ ಆಯೋಗಕ್ಕೆ ನೇರವಾಗಿ ಅಥವಾ ಸರ್ಕಾರದ ಆನ್‌ಲೈನ್ ಪೋರ್ಟಲ್ ಮೂಲಕ ದೂರು ಸಲ್ಲಿಸಬಹುದು.

ನೆನಪಿಡಬೇಕಾದ ಅಂಶಗಳು:

• ಸೇವೆಗೆ ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.
• ವಕೀಲರು ಕಡ್ಡಾಯವಲ್ಲ. ನಿಮ್ಮ ವಾದ ನೀವೇ ಹೇಳಬಹುದು.
• ತೊಂದರೆಯಾದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು.
• ನೀವು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಗಾಣಗಾಪುರದ ಲಾಡ್ಜ್ ಬಗ್ಗೆ ಸೋಲಾಪುರದ ಭಕ್ತ ಸೋಲಾಪುರದಲ್ಲಿಯೇ ಕೇಳಬಹುದು. ಪುಣೆಯ ಪಿ.ಜಿ. ಬಿಟ್ಟು ಆಳಂದಕ್ಕೆ ಮರಳಿ ನೆಲೆಸಿದವರು ಕಲಬುರಗಿಯಲ್ಲಿ ಕೇಳಬಹುದು.
• ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ಮೊದಲಾದವರಿಗೆ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಇದೆ. ಸಹಾಯವಾಣಿ 15100.

ಕಾಯ್ದೆ 3 ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎನ್ನುತ್ತದೆ. ನಿಜದಲ್ಲಿ ಹೆಚ್ಚು ಕಾಲ ಹಿಡಿಯಬಹುದು. ಮಂಗಳೂರಿನ ಬಸ್ ಪ್ರಕರಣದಲ್ಲಿ ಪ್ರಯಾಣಕ್ಕೂ ಆದೇಶದ ಸುದ್ದಿಗೂ ನಡುವೆ ಎರಡು ವರ್ಷಕ್ಕಿಂತ ಹೆಚ್ಚು ಅಂತರವಿತ್ತು.

ಸಾಕ್ಷಿ ಮಾಡಿಕೊಳ್ಳುವುದು ಹೇಗೆ?

ಹುಳದ ಫೋಟೊ ತೆಗೆಯಿರಿ. ಬೆಳೆದ ತಗಣಿ ಸುಮಾರು 5ರಿಂದ 7 ಮಿಲಿಮೀಟರ್, ಅಂದರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ತೆಗೆದರೆ ಗಾತ್ರ ತಿಳಿಯುತ್ತದೆ. ಗಾದಿಯ ಹೊಲಿಗೆ, ಮಂಚದ ಸಂದಿಯಲ್ಲಿನ ಕಪ್ಪು ಚುಕ್ಕೆ, ಹಾಸಿಗೆಯ ಮೇಲಿನ ರಕ್ತದ ಕಲೆ, ಕೋಣೆಯ ಸಂಖ್ಯೆ ಎಲ್ಲವೂ ಬರಲಿ. ಒಂದೆರಡು ಹುಳವನ್ನು ಪಾರದರ್ಶಕ ಟೇಪಿಗೆ ಅಂಟಿಸಿ ದಿನಾಂಕ ಬರೆದಿಡಿ. ವೈದ್ಯರಿಗೆ ತೋರಿಸಿ ಚೀಟಿ, ಔಷಧಿ ಬಿಲ್ ಇಟ್ಟುಕೊಳ್ಳಿ. ಬಾಡಿಗೆಯನ್ನು ಯುಪಿಐ ಮೂಲಕ ಕಟ್ಟಿದ್ದರೆ ಅದರ ದಾಖಲೆಯೂ ಇರಲಿ. ಮೂಲ ಫೋಟೊ ಮತ್ತು ಸಂದೇಶಗಳನ್ನು ಫೋನಿನಿಂದ ಅಳಿಸಬೇಡಿ. ಸ್ಕ್ರೀನ್‌ಶಾಟ್ ಮಾತ್ರ ಸಾಲದು.

ಎಲ್ಲಕ್ಕಿಂತ ಮುಖ್ಯ, ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬೇಡಿ, ಬರೆದು ತಿಳಿಸಿ. ಮಾಲೀಕನಿಗೆ ‘ಗೊತ್ತಿತ್ತು’ ಎಂದು ತೋರಿಸುವುದು ಈ ಬರಹವೇ. ಇಷ್ಟು ಸಾಕು:

‘ಮಾನ್ಯರೆ, ನಾನು ಇರುವ ಕೋಣೆ ಸಂಖ್ಯೆ ___ರಲ್ಲಿ ದಿನಾಂಕ ___ರಂದು ತಗಣಿ ಕಂಡಿವೆ. ಫೋಟೊ ಕಳುಹಿಸಿದ್ದೇನೆ. 7 ದಿನದೊಳಗೆ ಪರವಾನಗಿ ಇರುವ ಕೀಟ ನಿಯಂತ್ರಕರಿಂದ ಸರಿಪಡಿಸಿ ಅಥವಾ ಬೇರೆ ಕೋಣೆ ಕೊಡಿ. ಔಷಧಿ ಹೊಡೆಯುವ ಮುನ್ನ ನನಗೆ ತಿಳಿಸಿ. ಆಗದಿದ್ದರೆ ನನ್ನ ಠೇವಣಿ ಮರಳಿಸಿ.’

ಮಾಡಬಾರದ ಎರಡು ಕೆಲಸ

‘ತಗಣಿ ಇದ್ದರೆ ಬಾಡಿಗೆ ಕಟ್ಟಬೇಕಿಲ್ಲ’ ಎಂಬ ಮಾತು ನಂಬಿ ಬಾಡಿಗೆ ನಿಲ್ಲಿಸಬೇಡಿ. ಕೋಣೆಯಲ್ಲಿ ಇದ್ದುಕೊಂಡು ಬಾಡಿಗೆ ನಿಲ್ಲಿಸಿದರೆ ನಿಮ್ಮ ಮೇಲೆಯೇ ಖಾಲಿ ಮಾಡಿಸುವ ದಾವೆ ಬರಬಹುದು. ಹೆಸರು ಹಾಕಿ ಬೈದು ಸ್ಟೇಟಸ್ ಇಡುವುದೂ ಬೇಡ. ನಡೆದದ್ದನ್ನು ನಡೆದಂತೆ, ಫೋಟೊ ಸಹಿತ ಬರೆದರೆ ಸಾಕು. ಕೋಪದಲ್ಲಿ ಸೇರಿಸಿದ ಒಂದು ಸುಳ್ಳು ಮಾನನಷ್ಟದ ಮೊಕದ್ದಮೆಗೆ ದಾರಿಯಾದೀತು.

ತಗಣಿಗಿಂತ ದೊಡ್ಡ ಅಪಾಯ ಔಷಧಿ

2025ರ ಅಕ್ಟೋಬರಿನಲ್ಲಿ ಬೆಂಗಳೂರಿನ ಪಿ.ಜಿ.ಯೊಂದರಲ್ಲಿ ವಿದ್ಯಾರ್ಥಿಯೊಬ್ಬ ಮೃತಪಟ್ಟ. ಅವನು ಊರಿಗೆ ಹೋಗಿದ್ದಾಗ ತಗಣಿಗೆಂದು ಕೋಣೆಗೆ ಕೀಟನಾಶಕ ಹಾಕಿದ್ದರು, ಅದು ತಿಳಿಯದೆ ಬಂದು ಮಲಗಿದ್ದ ಎಂದು ವರದಿಯಾಯಿತು. 2023ರಲ್ಲಿ ಅದೇ ನಗರದ ಬಾಡಿಗೆ ಮನೆಯೊಂದರಲ್ಲಿ ಕೀಟನಾಶಕ ಸಿಂಪಡಿಸಿದ ಬಳಿಕ ಪುಟ್ಟ ಮಗುವೊಂದು ತೀರಿಕೊಂಡಿತು. ತಗಣಿ ಕಚ್ಚಿ ಸಾಯುವುದಿಲ್ಲ, ಔಷಧಿಯಿಂದ ಸಾವು ಬರಬಹುದು.

ತೊಗರಿ ನಾಡಿನವರಿಗೆ ಒಂದು ವಿಶೇಷ ಎಚ್ಚರಿಕೆ. ಮೂಟೆಯ ಕಾಳಿಗೆ ಹುಳ ಬೀಳದಿರಲೆಂದು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಲಗುವ ಕೋಣೆಯಲ್ಲಿ ಎಂದೂ ಇಡಬೇಡಿ, ಇಡಲು ಬಿಡಬೇಡಿ. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ಪ್ರತ್ಯೌಷಧವಿಲ್ಲ. ಪರಿಣತರ ನಿಗಾದಲ್ಲಿ ಮಾತ್ರ ಬಳಸಬೇಕೆಂದು ಸರ್ಕಾರವೇ ನಿರ್ಬಂಧಿಸಿದೆ. ಔಷಧಿ ಹಾಕಿದ ಕೋಣೆಯಲ್ಲಿ ವಾಕರಿಕೆ, ಎದೆ ಬಿಗಿತ, ಉಸಿರಾಟದ ತೊಂದರೆಯಾದರೆ ತಕ್ಷಣ ಹೊರಗೆ ಬನ್ನಿ, 108ಕ್ಕೆ ಕರೆ ಮಾಡಿ.

ಇಲ್ಲಿ ವಿಷಯ ಗ್ರಾಹಕರ ಆಯೋಗಕ್ಕೆ ನಿಲ್ಲುವುದಿಲ್ಲ. ವಿಷವಸ್ತುವನ್ನು ಅಜಾಗರೂಕತೆಯಿಂದ ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 286ನೇ ಕಲಂ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವುದು 106ನೇ ಕಲಂ ಪ್ರಕಾರ ಅಪರಾಧ. ದೂರು ಪೊಲೀಸ್ ಠಾಣೆಗೆ ಹೋಗಬೇಕು.

ತಗಣಿ ಕೊಲ್ಲಲು ವಿಷವೊಂದೇ ದಾರಿಯಲ್ಲ. ಬಟ್ಟೆ, ಹೊದಿಕೆಗಳನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಕಬ್ಬಿಣದ ಮಂಚದ ಸಂದಿಗೆ ಕುದಿಯುವ ನೀರು ಸುರಿಯುವ ಅಜ್ಜಿಯ ಕಾಲದ ಉಪಾಯವೂ ಸರಿಯೇ. ಗಾದಿಯನ್ನು ಬಿಸಿಲಿಗೆ ಹಾಕುವುದು ಮಾತ್ರ ಸಾಲದು. ತಗಣಿ ಗಾದಿಯ ತಂಪಾದ ಮಗ್ಗುಲಿಗೆ ಸರಿದು ಬದುಕುತ್ತದೆ.

ಒಟ್ಟಿನಲ್ಲಿ

‘ತಗಣಿ ಕಚ್ಚಿದರೆ ಲಕ್ಷ ರೂಪಾಯಿ ಗ್ಯಾರಂಟಿ’ ಎಂಬುದು ತಪ್ಪು. ‘ತಗಣಿಗೆ ಕಾನೂನಿಲ್ಲ’ ಎಂಬುದೂ ತಪ್ಪು. ಹಣ ಪಡೆದು ವಸತಿ ಕೊಟ್ಟವರು, ಬರವಣಿಗೆಯಲ್ಲಿ ತಿಳಿಸಿದ ಮೇಲೂ ಸರಿಪಡಿಸದಿದ್ದರೆ ನೀವು ಪರಿಹಾರ ಕೇಳಬಹುದು. ಮೊತ್ತವನ್ನು ನಿರ್ಧರಿಸುವುದು ನಿಮ್ಮ ಸಾಕ್ಷಿ ಮತ್ತು ನಿಮಗಾದ ನಷ್ಟ. ಪಿ.ಜಿ.ಯಲ್ಲಿ ಇರುವ ಮಕ್ಕಳಿಗೆ, ಗೆಳೆಯರಿಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ಮೇಲಿನ ನಾಲ್ಕು ಸಾಲಿನ ಪತ್ರವನ್ನೂ ಔಷಧಿಯ ಎಚ್ಚರಿಕೆಯನ್ನೂ ಮಾಡಿ.